ಕೊನೆ ಸಾಲು ಮಾತ್ರ ಓದಿದವನ ಕಥೆ

ನಮ್ಮ ಹಾಸ್ಟೆಲ್ ಫ್ಲೋರಿನಲ್ಲಿ ನನಗೆ ‘ಲಿನಕ್ಸ್ ಮಾಮ’ ಅಂತ ಒಂದು ಹೆಸರಿದೆ. ಫಸ್ಟ್ ಇಯರ್‌ನಲ್ಲಿ ಮೂರ್ನಾಲ್ಕು ಜನರ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಟ್ಟಿದ್ದಕ್ಕೆ ಬಂದ ಬಿರುದು ಅದು. ನಿಜ ಹೇಳ್ಬೇಕು ಅಂದ್ರೆ, ಪೆನ್‌ಡ್ರೈವ್ ಚುಚ್ಚಿ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತೋಕೆ ಯಾವ ವಿದ್ಯೆಯೂ ಬೇಕಿಲ್ಲ. ಆದರೆ ಬಿರುದು ಬಂದ ಮೇಲೆ ಬೇಡ ಅನ್ನೋಕೆ ಮನಸ್ಸು ಬರಲ್ಲ. ಆ ಬಿರುದನ್ನು ನಂಬಿಕೊಂಡು ಒಂದು ರಾತ್ರಿ ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪನ್ನು ಹೆಚ್ಚುಕಮ್ಮಿ ಹಾಳು ಮಾಡಿಬಿಡುತ್ತಿದ್ದೆ. ಅದರ ಕಥೆ ಇದು. ಲಿನಕ್ಸ್ ಬಳಸುವ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಡಿಪೆಂಡೆನ್ಸಿ ಎರರ್ ಬಗ್ಗೆ ನನಗೆ ತಿಳಿದಷ್ಟು ವಿಷಯವೂ ಇದರಲ್ಲೇ ಬರುತ್ತೆ.

ನನ್ನ ರೂಮ್‌ಮೇಟ್ ಹಾವೇರಿ ಕಡೆಯವನು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಮಿನಿ ಪ್ರಾಜೆಕ್ಟಿಗೆ ಅವನು ಅವರೂರಿನ ಹಾಲಿನ ಡೇರಿಯ ಲೆಕ್ಕ ಇಡುವ ಒಂದು ವೆಬ್ ಆ್ಯಪ್ ಮಾಡಿದ್ದ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ವಾರಕ್ಕೆ ಎಷ್ಟು ದುಡ್ಡು ಅನ್ನೋ ಲೆಕ್ಕ. ಪೈಥಾನ್‌ನಲ್ಲಿ ಬರೆದಿದ್ದ, ಹಿಂದೆ ಒಂದು ಡೇಟಾಬೇಸ್. ಎರಡು ತಿಂಗಳು ಲ್ಯಾಬ್ ಮಷಿನ್ನಿನಲ್ಲೇ ಕೂತು ಮಾಡಿದ್ದು. ಡೆಮೋ ಹಿಂದಿನ ದಿನ ಸಂಜೆ ಗೊತ್ತಾಯಿತು, ಡೆಮೋ ಬೇರೆ ರೂಮಿನಲ್ಲಂತೆ, ಅವರವರ ಲ್ಯಾಪ್‌ಟಾಪ್ ತರಬೇಕಂತೆ. ಕೋಡ್ ಎಲ್ಲ ಅವನ ಲ್ಯಾಪ್‌ಟಾಪಿಗೆ ಕಾಪಿ ಆಯ್ತು. ಆದರೆ ಅದರಲ್ಲಿ ಡೇಟಾಬೇಸ್ ಇರಲಿಲ್ಲ.

“ನೀ ಹಾಕಿಕೊಡ್ತೀಯೇನೋ?” ಅಂತ ಕೇಳಿದ.

“ಹತ್ತು ನಿಮಿಷದ ಕೆಲಸ ಮಗಾ,” ಅಂದೆ. ಆಗ ಗಂಟೆ ಒಂಬತ್ತು.

ಸೀನಿಯರ್‌ಗಳಿಂದ ಕೈಯಿಂದ ಕೈಗೆ ಬಂದ ಒಂದು ಪಿಡಿಎಫ್ ಇತ್ತು. ಲ್ಯಾಬ್ ಮಷಿನ್ನಿಗೆ ಏನೇನು ಹಾಕಬೇಕು ಅನ್ನೋ ಕಮಾಂಡ್‌ಗಳೆಲ್ಲ ಅದರಲ್ಲಿದ್ದವು. ಅದನ್ನು ತೆರೆದು ಒಂದೊಂದೇ ಸಾಲು ಕಾಪಿ ಪೇಸ್ಟ್ ಮಾಡಿದೆ. ಮೊದಲು ರೆಪೊಸಿಟರಿಯ ಕೀ, ಆಮೇಲೆ ರೆಪೊಸಿಟರಿಯ ವಿಳಾಸ, ಆಮೇಲೆ ಸುಡೋ ಆಪ್ಟ್ ಅಪ್‌ಡೇಟ್, ಕೊನೆಗೆ ಸುಡೋ ಆಪ್ಟ್ ಇನ್‌ಸ್ಟಾಲ್. ಕೊನೆಯ ಕಮಾಂಡಿಗೆ ಎಂಟ್ಹತ್ತು ಸಾಲಿನ ಎರರ್ ಬಂತು. ನಾನು ನೋಡಿದ್ದು ಕೊನೆಯ ಸಾಲು ಮಾತ್ರ: “ಅನೇಬಲ್ ಟು ಕರೆಕ್ಟ್ ಪ್ರಾಬ್ಲಮ್ಸ್, ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್.”

ಸರಿ, ಯಾವುದೋ ಪ್ಯಾಕೇಜ್ ಹೋಲ್ಡ್‌ನಲ್ಲಿದೆ ಅಂದುಕೊಂಡೆ. ಹೋಲ್ಡ್ ಮಾಡಿದ ಪ್ಯಾಕೇಜ್‌ಗಳನ್ನು ತೋರಿಸೋಕೆ ಆಪ್ಟ್-ಮಾರ್ಕ್ ಶೋಹೋಲ್ಡ್ ಅಂತ ಕಮಾಂಡ್ ಇದೆ. ಓಡಿಸಿದೆ. ಏನೂ ಇಲ್ಲ, ಖಾಲಿ. ಇಲ್ಲೇ ನಿಂತು ಯೋಚಿಸಬೇಕಿತ್ತು. ಈ ಕೊನೆ ಸಾಲು ತುಂಬಾ ಜನರನ್ನು ದಾರಿ ತಪ್ಪಿಸುತ್ತೆ. ‘ನೀನು ಕೇಳಿದ್ದನ್ನು ಎಲ್ಲ ಷರತ್ತು ಪಾಲಿಸಿ ಮಾಡೋಕೆ ನನ್ನಿಂದ ಆಗಲಿಲ್ಲ’ ಅನ್ನೋದಷ್ಟೇ ಅದರ ಅರ್ಥ. ಯಾವುದನ್ನೂ ಯಾರೂ ಹೋಲ್ಡ್ ಮಾಡಿಲ್ಲದಿದ್ದರೂ ಆಪ್ಟ್ ಅದನ್ನೇ ಹೇಳುತ್ತೆ. ನಿಜವಾದ ವಿಷಯ ಅದರ ಮೇಲಿನ ಸಾಲಿನಲ್ಲಿರುತ್ತೆ. ನನ್ನ ಸ್ಕ್ರೀನಿನ ಮೇಲೂ ಇತ್ತು: ಆ ಡೇಟಾಬೇಸ್ ಸರ್ವರ್‌ಗೆ ಲಿಬ್‌ಎಸ್ಎಸ್ಎಲ್1.1 ಬೇಕು, “ಬಟ್ ಇಟ್ ಈಸ್ ನಾಟ್ ಇನ್‌ಸ್ಟಾಲೇಬಲ್.” ಕಣ್ಣಿಗೆ ಬಿದ್ದಿತ್ತು. ಆದರೆ ಓದಲಿಲ್ಲ.

ಆಪ್ಟ್ ಮಾಡಲ್ಲ ಅಂದ್ರೆ ಏನಾಯ್ತು, ಡಿಪಿಕೆಜಿ ಇದೆಯಲ್ಲ ಅಂತ ಡೇಟಾಬೇಸಿನ ಮೂರು ಡೆಬ್ ಫೈಲ್ ನೇರವಾಗಿ ಡೌನ್‌ಲೋಡ್ ಮಾಡಿದೆ. ಡಿಪಿಕೆಜಿ -ಐ ಅಂತ ಕೊಟ್ಟೆ. ಇವೆರಡರ ವ್ಯತ್ಯಾಸ ಗೊತ್ತಿಲ್ಲದವರಿಗೆ ಒಂದು ಮಾತು. ಡೆಬ್ ಫೈಲನ್ನು ಬಿಚ್ಚಿ, ಒಳಗಿನ ಫೈಲ್‌ಗಳನ್ನು ಜಾಗಕ್ಕೆ ಇಟ್ಟು, ಕಾನ್ಫಿಗರ್ ಮಾಡೋದು ಡಿಪಿಕೆಜಿ ಕೆಲಸ. ಇದಕ್ಕೆ ಇನ್ನೇನು ಬೇಕು, ಅದು ಎಲ್ಲಿ ಸಿಗುತ್ತೆ ಅಂತ ಹುಡುಕಿ ತರೋದು ಅದರ ಕೆಲಸವಲ್ಲ. ಹುಡುಕಿ ತರೋದು ಆಪ್ಟ್. ಡೆಬಿಯನ್ ಶುರುವಾಗಿದ್ದು 1993ರಲ್ಲಿ. ಆಪ್ಟ್ ಅದರ ಜೊತೆ ಬಂದಿದ್ದು 1999ರ 2.1 ಬಿಡುಗಡೆಯಲ್ಲಿ. ಆಪ್ಟ್ ಇಲ್ಲ ಅನ್ನುತ್ತಿದೆ ಅಂತ ಡಿಪಿಕೆಜಿ ಹತ್ತಿರ ಹೋಗೋದು, ಅಡ್ರೆಸ್ ತಪ್ಪಾಗಿದೆ ಅಂದ ಕಂಡಕ್ಟರನ್ನು ಬಿಟ್ಟು ಡ್ರೈವರ್ ಹತ್ತಿರ ಹೋಗಿ ಗಾಡಿ ಬಿಡಿ ಅಂದ ಹಾಗೆ.

ಡಿಪಿಕೆಜಿ ಮೂರನ್ನೂ ಬಿಚ್ಚಿತು. ಆಮೇಲೆ “ಡಿಪೆಂಡೆನ್ಸಿ ಪ್ರಾಬ್ಲಮ್ಸ್, ಲೀವಿಂಗ್ ಅನ್‌ಕಾನ್ಫಿಗರ್ಡ್” ಅಂತ ಹೇಳಿ ಅರ್ಧಕ್ಕೆ ಬಿಟ್ಟಿತು. ನಾನು ಅದನ್ನೂ ಓದಲಿಲ್ಲ. ಫೈಲ್‌ಗಳಂತೂ ಬಂದಿವೆಯಲ್ಲ ಅಂತ ಸರ್ವರ್ ಓಡಿಸಿದೆ. ಲಿಬ್‌ಎಸ್ಎಸ್ಎಲ್.ಎಸ್ಒ.1.1 ಅನ್ನೋ ಫೈಲ್ ಸಿಗುತ್ತಿಲ್ಲ ಅಂತು. ಹುಡುಕಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಲಿಬ್‌ಎಸ್ಎಸ್ಎಲ್.ಎಸ್ಒ.3 ಇದೆ. ಮೂರು ಅನ್ನೋದು ಒಂದಕ್ಕಿಂತ ದೊಡ್ಡದು, ಹೊಸದು, ಒಳ್ಳೇದೇ ಆಯ್ತಲ್ಲ ಅಂತ 3ಕ್ಕೆ 1.1 ಅನ್ನೋ ಹೆಸರಿನಲ್ಲಿ ಒಂದು ಸಿಂಬಾಲಿಕ್ ಲಿಂಕ್ ಮಾಡಿಟ್ಟೆ. ಅಂದರೆ ಒಬ್ಬನ ಐಡಿ ಕಾರ್ಡಿಗೆ ಇನ್ನೊಬ್ಬನ ಫೋಟೋ ಅಂಟಿಸಿದ್ದು. ಮತ್ತೆ ಓಡಿಸಿದೆ. ಈಗ ‘ಓಪನ್‌ಎಸ್ಎಸ್ಎಲ್_1_1_0 ಅನ್ನೋ ವರ್ಷನ್ ಈ ಫೈಲ್ ಒಳಗೆ ಇಲ್ಲ’ ಅನ್ನೋ ಎರರ್. ಗೇಟಿನಲ್ಲಿ ಕಾರ್ಡ್ ಪಾಸಾಯಿತು, ಒಳಗೆ ಹೆಸರು ಕೂಗಿದಾಗ ಸಿಕ್ಕಿಬಿದ್ದೆ.

ಅಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಗಿತ್ತು. ಯಾವ ಪ್ಯಾಕೇಜ್ ಹಾಕೋಕೆ ಹೋದರೂ ಆಪ್ಟ್ ಒಪ್ಪುತ್ತಿರಲಿಲ್ಲ. ಮೊದಲು ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ ಮಾಡು ಅಂತಿತ್ತು. ಮಾಡಿದೆ. ‘ಈ ಮೂರು ಪ್ಯಾಕೇಜ್ ತೆಗೆಯುತ್ತೇನೆ, ಆಗಬಹುದಾ?’ ಅಂತ ಕೇಳಿತು. ಅಷ್ಟು ಕಷ್ಟಪಟ್ಟು ಹಾಕಿದ್ದನ್ನು ತೆಗೆಯೋದಾ? ‘ಎನ್’ ಒತ್ತಿದೆ. ಈಗ ಯೋಚಿಸಿದರೆ ನಗು ಬರುತ್ತೆ. ಆ ಇಡೀ ರಾತ್ರಿಯಲ್ಲಿ ಆಪ್ಟ್ ಕೊಟ್ಟ ಸರಿಯಾದ ಔಷಧಿ ಅದೊಂದೇ. ಅದಕ್ಕೇ ನಾನು ಬೇಡ ಅಂದಿದ್ದೆ.

ಗಂಟೆ ಹನ್ನೆರಡು ದಾಟಿತ್ತು. ರೂಮ್‌ಮೇಟ್ ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದ. “ಏನಂತೈತಿ ಅದು?” ಅಂತ ಎರಡು ಮೂರು ಸಲ ಕೇಳಿದ್ದ. ನಾನು ಉತ್ತರ ಕೊಟ್ಟಿರಲಿಲ್ಲ, ಯಾಕಂದ್ರೆ ನನಗೇ ಗೊತ್ತಿರಲಿಲ್ಲ. ನಾಲ್ಕನೇ ಸಲ ಕೇಳಿದಾಗ ರೇಗಿತು.

“ನಿನಗೆ ಅರ್ಥ ಆಗಲ್ಲ ಬಿಡೋ, ಎಲ್ಲ ಇಂಗ್ಲಿಷಲ್ಲಿದೆ. ಸುಮ್ನೆ ಮಲ್ಕೋ.”

ಬಾಯಿಂದ ಬಂದ ಮೇಲೆ ಕೇಳಿಸಿತು ನನಗೆ. ಅವನು ಏನೂ ಅನ್ನಲಿಲ್ಲ. ಮಲಗಲೂ ಇಲ್ಲ.

ಒಂದು ಗಂಟೆ ಹೊತ್ತಿಗೆ ನನ್ನ ತಲೆಯಲ್ಲಿ ಹೊಸ ಥಿಯರಿ ಹುಟ್ಟಿತು. ಹೊಸ ಲಿಬ್‌ಎಸ್ಎಸ್ಎಲ್3 ಇರೋದರಿಂದಲೇ ಹಳೇದು ಬರುತ್ತಿಲ್ಲ, ಹೊಸದನ್ನು ತೆಗೆದರೆ ಹಳೆಯದಕ್ಕೆ ಜಾಗ ಆಗುತ್ತೆ ಅಂತ. ಆ ಮೂರು ಪ್ಯಾಕೇಜನ್ನು ಡಿಪಿಕೆಜಿಯಿಂದಲೇ ತೆಗೆದು ಹಾಕಿ, ಸುಡೋ ಆಪ್ಟ್ ರಿಮೂವ್ ಲಿಬ್‌ಎಸ್ಎಸ್ಎಲ್3 ಅಂತ ಟೈಪ್ ಮಾಡಿದೆ. ಸ್ಕ್ರೀನ್ ತುಂಬಾ ಹೆಸರುಗಳು ಸುರಿದವು. ಕೊನೆಯಲ್ಲಿ ‘ವೈ ಅಥವಾ ಎನ್’ ಅಂತ ಪ್ರಶ್ನೆ. ನನ್ನ ಬೆರಳು ವೈ ಮೇಲಿತ್ತು.

“ಏ ತಡಿ, ಒತ್ತಬ್ಯಾಡ!”

ಅವನು ಎದ್ದು ಬಂದು ನನ್ನ ಕೈ ಹಿಡಿದಿದ್ದ. ಸ್ಕ್ರೀನ್ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದತೊಡಗಿದ. ಅವನು ಓದೋದೇ ಹಾಗೆ, ನಿಧಾನಕ್ಕೆ, ತುಟಿ ಆಡಿಸುತ್ತಾ. “ಇದರಾಗ ಪೈಥಾನ್ ತ್ರೀ ಅಂತೈತಲ್ಲೋ. ನನ್ನ ಪ್ರಾಜೆಕ್ಟ್ ಪೂರಾ ಅದರಾಗ ಐತಿ. ಇಲ್ಲಿ ನೋಡು, ಉಬುಂಟು ಡೆಸ್ಕ್‌ಟಾಪ್ ಅಂತೈತಿ. ಮ್ಯಾಲೆ ಏನ್ ಬರದಾನ? ವಿಲ್ ಬಿ ರಿಮೂವ್ಡ್. ಇವೆಲ್ಲ ಹೋಗ್ತಾವಂತ!”

ಓದಿ ನೋಡಿದೆ. ನಿಜ. ಉಬುಂಟು 22.04ರಲ್ಲಿ ಪೈಥಾನ್‌ನ ತೀರಾ ತಳದ ಪ್ಯಾಕೇಜಿಗೇ ಲಿಬ್‌ಎಸ್ಎಸ್ಎಲ್3 ಬೇಕು. ಪೈಥಾನ್ ಹೋದರೆ ಅದನ್ನು ನಂಬಿಕೊಂಡ ಹತ್ತಾರು ಸಿಸ್ಟಮ್ ಟೂಲ್‌ಗಳು ಹೋಗುತ್ತವೆ, ಅವುಗಳ ಹಿಂದೆ ಡೆಸ್ಕ್‌ಟಾಪಿನ ಪ್ಯಾಕೇಜ್ ಕೂಡ. ಒಂದು ವೈ ಒತ್ತಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಅವನು ತಗೊಂಡು ಹೋಗೋ ಲ್ಯಾಪ್‌ಟಾಪಿನಲ್ಲಿ ಡೆಮೋ ಮಾತ್ರ ಅಲ್ಲ, ಏನೂ ಇರುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದ ಲ್ಯಾಪ್‌ಟಾಪ್ ಅದು. ನನ್ನ ಕೈ ತಣ್ಣಗಾಗಿತ್ತು.

ಇದು ನನ್ನೊಬ್ಬನ ಪೆದ್ದುತನವೂ ಅಲ್ಲ. 2021ರಲ್ಲಿ ಲೈನಸ್ ಟೆಕ್ ಟಿಪ್ಸ್ ಚಾನೆಲ್ಲಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ, ಆಪ್ಟ್ ಎಚ್ಚರಿಕೆ ಕೊಟ್ಟರೂ “ಯೆಸ್, ಡು ಆ್ಯಸ್ ಐ ಸೇ!” ಅಂತ ಟೈಪ್ ಮಾಡಿ ಇಡೀ ಡೆಸ್ಕ್‌ಟಾಪ್ ಕಳೆದುಕೊಂಡ ವಿಡಿಯೋ ನಾನು ನೋಡಿದ್ದೆ. ನೋಡಿ ನಕ್ಕಿದ್ದೆ ಕೂಡ.

“ಈಗ ಮೊದಲಿಂದ ಮಾಡು,” ಅಂದ ರೂಮ್‌ಮೇಟ್. “ಒಂದೊಂದ ಸಾಲು ಓದು. ನನಗ ತಿಳಿಯೂ ಹಂಗ ಕನ್ನಡದಾಗ ಹೇಳು.”

ಎನ್ ಒತ್ತಿ ಹೊರಗೆ ಬಂದೆ. ಮತ್ತೆ ಸುಡೋ ಆಪ್ಟ್ ಅಪ್‌ಡೇಟ್. ಆಪ್ಟ್ ಪ್ರತಿಯೊಂದು ರೆಪೊಸಿಟರಿಯನ್ನೂ ಮುಟ್ಟಿ ಬಂದು ಒಂದೊಂದು ಸಾಲು ತೋರಿಸುತ್ತೆ. ಎಷ್ಟು ಸಾವಿರ ಸಲ ಆ ಸಾಲುಗಳು ನನ್ನ ಕಣ್ಣ ಮುಂದೆ ಓಡಿಹೋಗಿವೆಯೋ, ಒಂದು ದಿನವೂ ಓದಿರಲಿಲ್ಲ. ಅವನು ಓದಿದ.

“ಇದೇನ್ಲೇ, ಎಲ್ಲಾ ಕಡೆ ಜ್ಯಾಮಿ ಅಂತೈತಿ. ಇದೊಂದರಾಗ ಫೋಕಲ್ ಅಂತೈತಿ. ಫೋಕಲ್ ಅಂದ್ರ ಏನು?”

ನಾನು ಉತ್ತರ ಕೊಡೋಕೆ ಬಾಯಿ ತೆರೆದವನು ಹಾಗೇ ನಿಂತೆ. ಅಷ್ಟೇ. ಅದೇ ವಿಷಯ. ನಾಲ್ಕು ಗಂಟೆ ನಾನು ಹುಡುಕುತ್ತಿದ್ದದ್ದು ಅದೇ.

ಉಬುಂಟುವಿನ ಪ್ರತಿ ಬಿಡುಗಡೆಗೂ ಒಂದು ವಿಶೇಷಣ, ಒಂದು ಪ್ರಾಣಿ ಸೇರಿಸಿ ಅಡ್ಡಹೆಸರು ಇಡುತ್ತಾರೆ. 20.04ಕ್ಕೆ ಫೋಕಲ್ ಫೋಸಾ, 22.04ಕ್ಕೆ ಜ್ಯಾಮಿ ಜೆಲ್ಲಿಫಿಶ್. ನಮ್ಮ ಪಿಡಿಎಫ್ ಬರೆದಾಗ ಲ್ಯಾಬಿನಲ್ಲಿ 20.04 ಇತ್ತು, ಈಗಲೂ ಇದೆ. ಅಲ್ಲಿಗೆ ಆ ಕಮಾಂಡ್‌ಗಳು ಸರಿಯಾಗೇ ಇದ್ದವು. ರೂಮ್‌ಮೇಟ್‌ನ ಲ್ಯಾಪ್‌ಟಾಪಿನಲ್ಲಿದ್ದದ್ದು 22.04. ಅಂದರೆ 20.04ಕ್ಕಾಗಿ ಕಟ್ಟಿದ ಪ್ಯಾಕೇಜನ್ನು 22.04ರ ಮೇಲೆ ಕೂರಿಸೋಕೆ ನಾನು ಹೆಣಗುತ್ತಿದ್ದೆ. ಫೋಕಲ್‌ನಲ್ಲಿ ಓಪನ್‌ಎಸ್ಎಸ್ಎಲ್ 1.1.1 ಇತ್ತು, ಅದರ ಪ್ಯಾಕೇಜೇ ಲಿಬ್‌ಎಸ್ಎಸ್ಎಲ್1.1. ಜ್ಯಾಮಿ ಬರುವ ಹೊತ್ತಿಗೆ ಓಪನ್‌ಎಸ್ಎಸ್ಎಲ್ 3.0 ಬಂದಿತ್ತು, ಹಳೆಯದನ್ನು ಜ್ಯಾಮಿಯ ರೆಪೊಸಿಟರಿಯಿಂದ ಕೈಬಿಟ್ಟರು. ಆದ್ದರಿಂದಲೇ ‘ನಾಟ್ ಇನ್‌ಸ್ಟಾಲೇಬಲ್’. ಆಪ್ಟ್ ಮೊದಲನೇ ಸಲವೇ ಸತ್ಯ ಹೇಳಿತ್ತು.

ಮುಂದಿನದು ನಿಜಕ್ಕೂ ಹತ್ತು ನಿಮಿಷದ ಕೆಲಸ. ಮೊದಲು ನಾನು ಮಾಡಿದ ಕಳ್ಳ ಲಿಂಕನ್ನು ಅಳಿಸಿದೆವು. ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನಿಂದ ಫೋಕಲ್ ಸಾಲಿದ್ದ ಫೈಲ್ ತೆಗೆದೆವು. ಆ ಡೇಟಾಬೇಸಿನ ಹೊಸ ಆವೃತ್ತಿಯನ್ನು ಜ್ಯಾಮಿಗೆ ಅಂತಲೇ ಕಟ್ಟಿ ಇಟ್ಟಿದ್ದರು. ಅದರ ಕೀ, ಅದರ ವಿಳಾಸ ಸೇರಿಸಿ, ಅಪ್‌ಡೇಟ್ ಮಾಡಿ, ಇನ್‌ಸ್ಟಾಲ್ ಕೊಟ್ಟರೆ ಒಂದೂ ಮಾತಾಡದೆ ಕೂತಿತು. ಎರಡು ಗಂಟೆಗೆ ಡೇರಿ ಲೆಕ್ಕದ ಪುಟ ಬ್ರೌಸರಿನಲ್ಲಿ ತೆರೆದುಕೊಂಡಿತು.

ಇಷ್ಟಾದ ಮೇಲೂ ನನಗೆ ಒಂದು ಸಿಟ್ಟು ಉಳಿದಿತ್ತು. ಈ ಡಿಪೆಂಡೆನ್ಸಿ ತಲೆನೋವು ಯಾಕಾದರೂ ಇಟ್ಟಿದ್ದಾರೆ? ಪ್ರತಿ ಸಾಫ್ಟ್‌ವೇರೂ ತನಗೆ ಬೇಕಾದದ್ದನ್ನೆಲ್ಲ ತನ್ನ ಚೀಲದಲ್ಲೇ ತಂದರೆ ಆಗಲ್ವಾ? ಮುಂದಿನ ಕೆಲವು ವಾರ ಅದರ ಬಗ್ಗೆ ಓದಿದೆ. ಉತ್ತರಕ್ಕೆ ಇದೇ ಓಪನ್‌ಎಸ್ಎಸ್ಎಲ್ ಒಳ್ಳೆಯ ಉದಾಹರಣೆ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ದೋಷ ಬಯಲಾಯಿತು. ಓಪನ್‌ಎಸ್ಎಸ್ಎಲ್ 1.0.1ರಲ್ಲಿದ್ದ ಒಂದು ತಪ್ಪಿನಿಂದ ಸರ್ವರ್‌ನ ಮೆಮೊರಿಯ ತುಣುಕುಗಳನ್ನು ಹೊರಗಿನವರು ಓದಬಹುದಿತ್ತು. ಪಾಸ್‌ವರ್ಡ್, ಗುಟ್ಟಿನ ಕೀ, ಏನು ಬೇಕಾದರೂ ಅದರಲ್ಲಿರಬಹುದು. ಒಂದು ಸರ್ವರಿನಲ್ಲಿ ವೆಬ್ ಸರ್ವರ್, ಮೇಲ್ ಸರ್ವರ್, ಡೇಟಾಬೇಸ್ ಎಲ್ಲವೂ ಅದೇ ಲೈಬ್ರರಿ ಬಳಸುತ್ತವೆ ಅಂದುಕೊಳ್ಳಿ. ಎಲ್ಲರೂ ಒಂದೇ ಪ್ರತಿಯನ್ನು ಹಂಚಿಕೊಂಡಿದ್ದರೆ ಆ ಒಂದು ಪ್ಯಾಕೇಜ್ ಬದಲಿಸಿ, ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ತೂತು ಎಲ್ಲರಿಗೂ ಒಟ್ಟಿಗೇ ಮುಚ್ಚುತ್ತೆ. ಪ್ರತಿಯೊಬ್ಬರ ಚೀಲದಲ್ಲೂ ಒಂದೊಂದು ಪ್ರತಿ ಇದ್ದಿದ್ದರೆ ಪ್ರತಿ ಚೀಲವನ್ನೂ ಹುಡುಕಿ ಬಿಚ್ಚಬೇಕು. ಒಂದನ್ನು ಮರೆತರೂ ಆ ತೂತು ಹಾಗೇ ಇರುತ್ತೆ. ಡಿಪೆಂಡೆನ್ಸಿ ಅನ್ನೋದು ಹಂಚಿಕೊಂಡು ಬದುಕೋದರ ಬಾಡಿಗೆ. ಹಾಸ್ಟೆಲ್ಲಿನಲ್ಲಿ ಒಂದೇ ಗೀಸರ್ ಇರೋದಕ್ಕೆ ಬೆಳಿಗ್ಗೆ ಜಗಳ ಆಗುತ್ತೆ, ಆದರೆ ರಿಪೇರಿ ಮಾಡಿಸೋಕೆ ಒಂದೇ ಸಾಕು.

ಹಳೆಯದನ್ನು ಯಾಕೆ ಜೊತೆಗೆ ಇಟ್ಟುಕೊಳ್ಳಲಿಲ್ಲ ಅನ್ನೋದಕ್ಕೂ ಇದೇ ಉತ್ತರ. ರೆಪೊಸಿಟರಿಯಲ್ಲಿ ಇಟ್ಟ ಮೇಲೆ ಅದರ ತೂತುಗಳನ್ನು ವರ್ಷಗಟ್ಟಲೆ ಯಾರಾದರೂ ಮುಚ್ಚುತ್ತಿರಬೇಕು. ಓಪನ್‌ಎಸ್ಎಸ್ಎಲ್ ತಂಡವೇ 1.1.1 ಸರಣಿಗೆ ಕೊಡುತ್ತಿದ್ದ ಸಾರ್ವಜನಿಕ ಬೆಂಬಲವನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು.

ಲೈಬ್ರರಿ ಫೈಲ್ ಹೆಸರಿನ ಕೊನೆಯ ಸಂಖ್ಯೆಯೂ ಸುಮ್ಮನೆ ಇಟ್ಟಿದ್ದಲ್ಲ. ನನ್ನ ಹಾಗೆ ‘ಮೂರು ದೊಡ್ಡದು’ ಅಂತ ಓದಬಾರದು. ಅದು ಒಂದು ಮಾತು ಕೊಟ್ಟ ಹಾಗೆ. ‘ಎಸ್ಒ.1.1 ಅಂತ ಹೆಸರಿರುವ ತನಕ ಒಳಗಿನ ಫಂಕ್ಷನ್‌ಗಳು ನೀನು ನಂಬಿದ ಹಾಗೇ ಇರುತ್ತವೆ’ ಅಂತ ಅರ್ಥ. ಮಾತು ಮುರಿಯಲೇಬೇಕಾದಾಗ ಹೆಸರನ್ನೇ ಬದಲಿಸುತ್ತಾರೆ. ಹೆಸರು ಬದಲಾಗಿದೆ ಅಂದರೆ ‘ಇವನು ಬೇರೆಯವನು, ಹಳೆಯ ಲೆಕ್ಕದಲ್ಲಿ ವ್ಯವಹಾರ ಮಾಡಬೇಡ’ ಅಂತ. ಸಿಂಬಾಲಿಕ್ ಲಿಂಕ್ ಹಾಕಿ ನಾನು ಅಳಿಸಲು ಹೋಗಿದ್ದು ಆ ಎಚ್ಚರಿಕೆಯನ್ನೇ. ನಮ್ಮ ಅದೃಷ್ಟ, ಅದು ಕೂಡಲೇ ಎರರ್ ಕೊಟ್ಟಿತು. ಓಡಿದ ಹಾಗೆ ಓಡಿ ನಡುವೆ ಎಲ್ಲೋ ಕೆಡುವ ಲೈಬ್ರರಿಯಾಗಿದ್ದರೆ ಡೆಮೋ ಮಧ್ಯದಲ್ಲಿ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ ತಿಳಿದಾಗ ಆಪ್ಟ್ ಮೇಲಿದ್ದ ಸಿಟ್ಟು ಪೂರ್ತಿ ಇಳಿಯಿತು. ಕೇಳಿದ ಪ್ಯಾಕೇಜನ್ನು ಎಲ್ಲರ ‘ಇದು ಬೇಕು’, ‘ಇದರ ಜೊತೆ ನಾನಿರಲ್ಲ’ ಅನ್ನೋ ಷರತ್ತುಗಳನ್ನು ಪಾಲಿಸಿ ಹಾಕಲು ಸಾಧ್ಯವಾ ಅನ್ನೋ ಪ್ರಶ್ನೆ ಎನ್‌ಪಿ ಕಂಪ್ಲೀಟ್. ಆಲ್ಗಾರಿದಮ್ ಪೇಪರಿನಲ್ಲಿ ಬರುವ ಸ್ಯಾಟ್ ಸಮಸ್ಯೆಯನ್ನೇ ಪ್ಯಾಕೇಜ್‌ಗಳ ರೂಪದಲ್ಲಿ ಬರೆಯಬಹುದು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ವಿಷಯ ನಮ್ಮ ಟರ್ಮಿನಲ್‌ನಲ್ಲಿ ದಿನಾ ನಡೆಯುತ್ತಿದೆ. ಅದು ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಉತ್ತರ ಕೊಡೋದೇ ದೊಡ್ಡದು.

ಈಗ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಡಾಕರ್ ಎಲ್ಲ ಇವೆ, ಅವು ‘ಸ್ವಂತ ಚೀಲ’ದ ದಾರಿ. ಪೈಥಾನ್ ಪ್ರಾಜೆಕ್ಟಿಗೆ ವೆನ್ವ್ ಇದೆ. ಪ್ರಾಜೆಕ್ಟ್ ಲೈಬ್ರರಿಗಳಿಗೆ ನಾನು ಈಗ ವೆನ್ವ್ ಬಿಟ್ಟು ಬೇರೆ ಬಳಸಲ್ಲ, ಸಿಸ್ಟಮ್‌ನ ಪೈಥಾನ್ ಮುಟ್ಟಲ್ಲ. ಡಾಕರ್‌ನಲ್ಲಿ ಫೋಕಲ್ ಇಮೇಜ್ ತಗೊಂಡಿದ್ದರೆ ಅಂದಿನ ಪಿಡಿಎಫ್ ಹಾಗೇ ನಡೆಯುತ್ತಿತ್ತೋ ಏನೋ. ಆದರೆ ಚೀಲದ ದಾರಿಗೆ ಡಿಸ್ಕ್ ಜಾಗ ಬೇಕು. ಚೀಲದೊಳಗಿನ ಹಳೆಯ ಲೈಬ್ರರಿಗೆ ಯಾರು ತೇಪೆ ಹಾಕುತ್ತಾರೆ ಅನ್ನೋ ಪ್ರಶ್ನೆಯೂ ಉಳಿಯುತ್ತೆ.

ಈಗ ನಾನು ಡಿಪೆಂಡೆನ್ಸಿ ಎರರ್ ಬಂದರೆ ಏನು ಮಾಡ್ತೀನಿ ಅಂತ ಹೇಳ್ತೀನಿ. ಉಬುಂಟು, ಡೆಬಿಯನ್, ಮಿಂಟ್ ಬಳಸುವವರಿಗೆಲ್ಲ ಉಪಯೋಗ ಆಗಬಹುದು.

ಮೊದಲು ಕೈ ಕೀಬೋರ್ಡಿನಿಂದ ತೆಗೆದು, ‘ಅನ್‌ಮೆಟ್ ಡಿಪೆಂಡೆನ್ಸೀಸ್’ ಅನ್ನೋ ಸಾಲಿನ ಕೆಳಗಿನದನ್ನು ಓದುತ್ತೇನೆ. ಅಲ್ಲಿ ‘ಬಟ್’ ಅಂತ ಒಂದು ಪದ ಇರುತ್ತೆ. ಅದರ ಮುಂದೆ ಏನಿದೆ ಅನ್ನೋದೇ ಮುಖ್ಯ. ಸಾಮಾನ್ಯವಾಗಿ ಮೂರು ಬಗೆ.

‘ನಾಟ್ ಇನ್‌ಸ್ಟಾಲೇಬಲ್’ ಅಂದರೆ, ಆ ಪ್ಯಾಕೇಜ್ ನನಗೆ ಗೊತ್ತಿರುವ ಯಾವ ರೆಪೊಸಿಟರಿಯಲ್ಲೂ ಇಲ್ಲ ಅಂತ. ಬೇಕಾದ ರೆಪೊಸಿಟರಿ ಸೇರಿಸಿಲ್ಲ, ಇಲ್ಲವೇ ನೀವು ತಂದಿರುವ ಪ್ಯಾಕೇಜ್ ಬೇರೆ ಬಿಡುಗಡೆಯದ್ದು. ನಮ್ಮದು ಇದೇ.

‘ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್’ ಅಂದರೆ, ಪ್ಯಾಕೇಜ್ ಇದೆ, ಆದರೆ ಅದನ್ನು ಹಾಕೋಕೆ ಅದರದ್ದೇ ಇನ್ನೊಂದು ಅಡ್ಡಿ ಇದೆ. ಆಗ ಆ ಪ್ಯಾಕೇಜನ್ನೇ ನೇರವಾಗಿ ಇನ್‌ಸ್ಟಾಲ್ ಮಾಡೋಕೆ ಕೇಳಿದರೆ ಒಳಗಿನ ಕಾರಣ ಹೊರಬರುತ್ತೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದರೆ ತಳ ಸಿಗುತ್ತೆ.

ಮೂರನೆಯದು, ‘ಬಟ್’ ಆದ ಮೇಲೆ ಒಂದು ವರ್ಷನ್ ನಂಬರ್ ಇರುತ್ತೆ. ಅಂದರೆ, ನಿನಗೆ ಬೇಕಾದ ಪ್ಯಾಕೇಜ್ ಇದೆ, ವರ್ಷನ್ ಮಾತ್ರ ಬೇರೆ. ಹೆಚ್ಚಾಗಿ ಯಾವುದೋ ಪಿಪಿಎ ಅಥವಾ ಹೊರಗಿನ ರೆಪೊಸಿಟರಿಯ ಜೊತೆ ಕಲಬೆರಕೆ ಆದಾಗ ಹೀಗಾಗುತ್ತೆ. ಆಪ್ಟ್ ಪಾಲಿಸಿ ಅಂತ ಬರೆದು ಪ್ಯಾಕೇಜ್ ಹೆಸರು ಕೊಟ್ಟರೆ ಈಗ ಯಾವ ವರ್ಷನ್ ಇದೆ, ಯಾವುದು ಬರಲಿದೆ, ಯಾವುದು ಎಲ್ಲಿಂದ ಬರುತ್ತಿದೆ ಅಂತ ಪಟ್ಟಿ ತೋರಿಸುತ್ತೆ. ನನ್ನ ಪ್ರಕಾರ ಲಿನಕ್ಸ್‌ನ ಅತಿ ಉಪಯುಕ್ತ, ಅತಿ ಕಡಿಮೆ ಬಳಕೆಯ ಕಮಾಂಡ್ ಇದು.

ಆಮೇಲೆ ನನ್ನ ಸಿಸ್ಟಮ್ ಯಾವ ಬಿಡುಗಡೆ ಅಂತ ಎಲ್‌ಎಸ್‌ಬಿ_ರಿಲೀಸ್ -ಎ ಕೊಟ್ಟು ನೋಡ್ತೀನಿ, ಸೇರಿಸಿದ ರೆಪೊಸಿಟರಿಗಳಲ್ಲೂ ಅದೇ ಹೆಸರಿದೆಯಾ ಅಂತ ಹೋಲಿಸ್ತೀನಿ. ಬೇರೆ ಬೇರೆ ಬಿಡುಗಡೆಯ ರೆಪೊಸಿಟರಿಗಳನ್ನು ಬೆರೆಸಿದ ಸಿಸ್ಟಮ್ಮಿಗೆ ಡೆಬಿಯನ್‌ನವರು ಫ್ರಾಂಕನ್‌ಡೆಬಿಯನ್ ಅಂತ ಹೆಸರಿಟ್ಟಿದ್ದಾರೆ. ಸ್ಮಶಾನದಿಂದ ಕೈಕಾಲು ತಂದು ಹೊಲಿದ ಫ್ರಾಂಕನ್‌ಸ್ಟೈನ್‌ನ ಭೂತದ ಹಾಗೆ. ನಾನು ಮಾಡಹೊರಟಿದ್ದು ಅದನ್ನೇ.

ಅನುಮಾನ ಇದ್ದರೆ ಆಪ್ಟ್‌ಗೆ -ಎಸ್ ಸೇರಿಸಿ ಓಡಿಸ್ತೀನಿ. ಆಗ ಅದು ಏನನ್ನೂ ಮಾಡದೆ, ಏನು ಮಾಡುತ್ತಿತ್ತು ಅಂತ ಹೇಳುತ್ತೆ ಅಷ್ಟೇ. ವೈ ಒತ್ತುವ ಮುಂಚೆ ‘ವಿಲ್ ಬಿ ರಿಮೂವ್ಡ್’ ಪಟ್ಟಿ ಪೂರ್ತಿ ಓದ್ತೀನಿ. ಒಂದನ್ನು ಹಾಕೋಕೆ ಹೋಗಿ ಇಪ್ಪತ್ತು ಹೋಗುತ್ತಿವೆ ಅಂದರೆ ತಪ್ಪು ನನ್ನ ಪ್ರಶ್ನೆಯಲ್ಲೇ ಇದೆ. ಕೆಟ್ಟ ಮೇಲೆ ಏನು ಮಾಡಿದ್ದೆ ಅಂತ ಮರೆತಿದ್ದರೆ /ವಾರ್/ಲಾಗ್/ಆಪ್ಟ್ ಒಳಗಿನ ಹಿಸ್ಟರಿ ಲಾಗ್‌ನಲ್ಲಿ ಆಪ್ಟ್ ಮೂಲಕ ಮಾಡಿದ್ದೆಲ್ಲ ತಾರೀಖು, ಟೈಮ್ ಸಮೇತ ಬರೆದಿರುತ್ತೆ.

ಕಮಾಂಡ್‌ಗಳ ವಿಷಯ ಇಷ್ಟೇ. ಆದರೆ ಆ ರಾತ್ರಿ ನಮ್ಮನ್ನು ಉಳಿಸಿದ್ದು ಇವ್ಯಾವುದೂ ಅಲ್ಲ. ಆ ಸ್ಕ್ರೀನಿನಲ್ಲಿ ನನಗೆ ಗೊತ್ತಿಲ್ಲದ ಒಂದೇ ಒಂದು ಇಂಗ್ಲಿಷ್ ಪದ ಇರಲಿಲ್ಲ. ಎಲ್ಲ ಗೊತ್ತಿದ್ದದ್ದರಿಂದಲೇ ಕಣ್ಣು ಜಾರಿಕೊಂಡು ಹೋಗುತ್ತಿತ್ತು. ಅವನು ಒಂದೊಂದು ಪದದ ಮೇಲೂ ನಿಲ್ಲುತ್ತಿದ್ದ. ನಿಂತದ್ದಕ್ಕೇ ಫೋಕಲ್ ಕಂಡಿತು. ಒಂದೊಂದು ಸಾಲನ್ನೂ ಅವನಿಗೆ ಕನ್ನಡದಲ್ಲಿ ಹೇಳಬೇಕಾಗಿ ಬಂದಾಗಲೇ ನನಗೆ ಯಾವುದು ಅರ್ಥವಾಗಿದೆ, ಯಾವುದು ಆಗಿಲ್ಲ ಅನ್ನೋದು ಗೊತ್ತಾದದ್ದು. “ಹೆಲ್ಡ್ ಬ್ರೋಕನ್ ಪ್ಯಾಕೇಜಸ್” ಅನ್ನೋದನ್ನು ‘ಹಿಡಿದಿಟ್ಟುಕೊಂಡ ಮುರುಕು ಪ್ಯಾಕೇಜುಗಳು’ ಅಂದೆ. “ಹಂಗಂದ್ರ ಏನು?” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಗಂಟೆ ಅದರ ಹಿಂದೆ ಓಡಿದ್ದೆ.

ಮರುದಿನ ಡೆಮೋ ಚೆನ್ನಾಗಿ ಆಯ್ತು. ಡೇಟಾಬೇಸ್ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಹಾಲಿನ ಫ್ಯಾಟ್‌ಗೆ ತಕ್ಕಂತೆ ರೇಟ್ ಹೇಗೆ ಲೆಕ್ಕ ಹಾಕುತ್ತೀಯ ಅಂತ ಕೇಳಿದರಂತೆ, ಅದು ಅವನಿಗೆ ಮನೆಯ ವಿಷಯ. ಮಧ್ಯಾಹ್ನ ಮೆಸ್ಸಿನಲ್ಲಿ ಕೂತಾಗ, “ನಿನ್ನೆ ರಾತ್ರಿ ಹಾಗೆ ಅನ್ನಬಾರದಿತ್ತು ಕಣೋ, ಇಂಗ್ಲಿಷ್ ಅರ್ಥ ಆಗಲ್ಲ ಅಂತ,” ಅಂದೆ. ಅನ್ನ ಕಲಸುತ್ತಿದ್ದವನು ತಲೆ ಎತ್ತಲಿಲ್ಲ.

“ಬ್ಯಾಸರ ಆಗಿತ್ತು,” ಅಂದ. “ಆದ್ರ ಲ್ಯಾಪ್‌ಟಾಪ್ ನಂದು. ನೀ ಮಲ್ಕೋ ಅಂದ್ರ ಮಲಗಾಕ ಹೆಂಗ ಆಕ್ಕತಿ?”

ಇಬ್ಬರೂ ನಕ್ಕೆವು. ಆದರೆ ‘ಬ್ಯಾಸರ ಆಗಿತ್ತು’ ಅಂತ ಅವನು ಹೇಳಿದ್ದನ್ನು ನಾನು ಮರೆತಿಲ್ಲ.

ಕಳೆದ ವಾರ ಒಬ್ಬ ಜೂನಿಯರ್ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದ. “ಅಣ್ಣಾ, ಇದು ಬರ್ತಿದೆ, ಏನ್ ಮಾಡ್ಲಿ?” ಚಂದವಾಗಿ ಕ್ರಾಪ್ ಮಾಡಿ ಕೊನೆಯ ಒಂದೇ ಸಾಲು ಕಳಿಸಿದ್ದ. ಮುರುಕು ಪ್ಯಾಕೇಜಿನ ಅದೇ ಸಾಲು. ಫೋನನ್ನು ರೂಮ್‌ಮೇಟ್‌ಗೆ ತೋರಿಸಿದೆ. ಅವನು ನೋಡಿ, ನನ್ನ ಕೈಯಿಂದ ಫೋನ್ ತಗೊಂಡು, ತಾನೇ ಟೈಪ್ ಮಾಡಿದ:

“ಮ್ಯಾಲಿಂದೂ ಕಳಸು.”